ಕಲ್ಲು ಉಜ್ಜಿ ಹರಳು ಮಾಡುವ ಹವ್ಯಾಸ: ಕಲಿಯುವ ಮೊದಲು ತಿಳಿಯೋಣ



ಸಂಘದ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಮಾತಾಡುವುದು ಉಳಿತಾಯ, ಸಾಲದ ಕಂತು, ಮಕ್ಕಳ ಫೀಸು, ರೇಷನ್ ಕಾರ್ಡು ಇಂಥ ವಿಷಯಗಳನ್ನೇ. ಹವ್ಯಾಸದ ಮಾತು ಬರುವುದು ಅಪರೂಪ. ಬಂದರೂ "ಸಿಸ್ಟರ್, ನಮ್ಮಂಥವರಿಗೆ ಹವ್ಯಾಸ ಎಲ್ಲಿಂದ ಬರಬೇಕು?" ಎಂದು ನಕ್ಕು ಸುಮ್ಮನಾಗುವವರೇ ಹೆಚ್ಚು. ಆದರೆ ಮಕ್ಕಳು ದೊಡ್ಡವರಾಗಿ ಮಧ್ಯಾಹ್ನ ಸ್ವಲ್ಪ ಬಿಡುವು ಸಿಗುವ ಕೆಲವು ಸದಸ್ಯೆಯರು ಈಗ ಬೇರೆಯೇ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಕಲ್ಲು ಕೊಯ್ದು, ಉಜ್ಜಿ, ಹೊಳಪು ಕೊಟ್ಟು ಉಂಗುರದ ಹರಳಿನ ಹಾಗೆ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದಾರೆ. "ಇದನ್ನ ನಾವೂ ಕಲೀಬಹುದಾ?" ಅಂತ ಕೇಳುತ್ತಾರೆ.

ಖಂಡಿತ ಕಲಿಯಬಹುದು. ಇದಕ್ಕೆ ಓದು ಬೇಡ, ಬಲವೂ ಅಷ್ಟಾಗಿ ಬೇಡ, ತಾಳ್ಮೆ ಬೇಕು. ಆದರೆ ಈ ಕೆಲಸದಲ್ಲಿ ಎರಡು ಅಪಾಯಗಳಿವೆ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಕೈಯಲ್ಲಿರುವ ದುಡ್ಡಿಗೆ. ಎರಡನ್ನೂ ತಿಳಿದುಕೊಂಡು ಕಲಿತರೆ ಇದು ಒಳ್ಳೆಯ ಹವ್ಯಾಸ, ತಿಳಿಯದೆ ಕೈ ಹಾಕಿದರೆ ರೋಗ ಮತ್ತು ಸಾಲ. ಹಾಗಾಗಿ ಕಲಿಯುವ ಕ್ರಮವನ್ನೂ ಎಚ್ಚರಿಕೆಯನ್ನೂ ಒಟ್ಟಿಗೇ ಇಲ್ಲಿ ಹೇಳುತ್ತಿದ್ದೇವೆ.

ಈ ಹರಳು ಅಂದರೆ ಯಾವುದು?

ಅಂಗಡಿಯಲ್ಲಿ ನಾವು ನೋಡುವ ಹರಳುಗಳಲ್ಲಿ ಎರಡು ಬಗೆ. ವಜ್ರದ ಹಾಗೆ ಸುತ್ತಲೂ ಪಟ್ಟೆ ಪಟ್ಟೆಯಾಗಿ ಮುಖ ಕೊಯ್ದದ್ದು ಒಂದು. ತಳ ಚಪ್ಪಟೆಯಾಗಿ, ಮೇಲ್ಭಾಗ ಗುಮ್ಮಟದ ಹಾಗೆ ಉಬ್ಬಿ, ಎಲ್ಲೂ ಮೂಲೆಯಿಲ್ಲದೆ ನುಣುಪಾಗಿರುವುದು ಇನ್ನೊಂದು. ಈ ಎರಡನೆಯದಕ್ಕೆ ಕ್ಯಾಬೊಶಾನ್ ಎಂದು ಹೆಸರು. ಇದು ಫ್ರೆಂಚ್ ಭಾಷೆಯ ಮಾತು, ಕೆಲಸದವರು ಚಿಕ್ಕದಾಗಿ ಕ್ಯಾಬ್ ಅನ್ನುತ್ತಾರೆ. ನಮಗೆ ಸುಲಭವಾಗಿ ಅರ್ಥವಾಗಬೇಕಾದರೆ ಒಂದು ಕಡಲೆಬೇಳೆ ಕೈಗೆ ತೆಗೆದುಕೊಳ್ಳಿ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಆಕಾರ ಅದೇ. ಈ ಲೇಖನದಲ್ಲಿ ಇದನ್ನು ಗುಮ್ಮಟ ಹರಳು ಎಂದು ಕರೆಯೋಣ.

ನವರತ್ನದ ಉಂಗುರ ಇದ್ದವರು ತೆಗೆದು ನೋಡಿ. ಹವಳ ಮತ್ತು ವೈಡೂರ್ಯ ಸಾಮಾನ್ಯವಾಗಿ ಇದೇ ಆಕಾರದಲ್ಲಿ ಇರುತ್ತವೆ. ವೈಡೂರ್ಯದ ಮೇಲೆ ಬೆಕ್ಕಿನ ಕಣ್ಣಿನ ಹಾಗೆ ಒಂದು ಬೆಳಕಿನ ಗೆರೆ ಓಡಾಡುತ್ತದಲ್ಲ, ಆ ಗೆರೆ ಕಾಣಬೇಕಾದರೆ ಮೇಲ್ಭಾಗ ಉಬ್ಬಿಯೇ ಇರಬೇಕು. ಪಟ್ಟೆ ಕೊಯ್ದರೆ ಗೆರೆ ಮಾಯ. ನಮ್ಮ ಹಳೇ ಮೈಸೂರು ಸೀಮೆಯ ಕೆಲವು ಕಡೆ ಕುರಂದ ಎಂಬ ಬಹಳ ಗಟ್ಟಿಯಾದ ಕಲ್ಲು ಸಿಗುತ್ತದೆ. ಅದರಲ್ಲಿ ಕೆಂಪು ಬಣ್ಣದ್ದು ಮಾಣಿಕ್ಯದ ಜಾತಿ. ಹೆಚ್ಚಿನದು ಮಬ್ಬಾಗಿರುವುದರಿಂದ ಪಟ್ಟೆ ಕೊಯ್ದರೆ ಚೆನ್ನಾಗಿ ಕಾಣದು. ಗುಮ್ಮಟವಾಗಿ ಉಜ್ಜಿದರೆ ಕೆಲವು ಕಲ್ಲುಗಳ ಮೇಲೆ ಆರು ಕಾಲಿನ ನಕ್ಷತ್ರ ಮೂಡುತ್ತದೆ. ಕಲ್ಲಿನ ಒಳಗೆ ಸೂಜಿಯಂಥ ಅತಿ ಸಣ್ಣ ಎಳೆಗಳಿದ್ದು, ಅವು ಬೆಳಕನ್ನು ಹಿಂದಿರುಗಿಸುವುದರಿಂದ ಹೀಗಾಗುತ್ತದೆ. ಇಂಗ್ಲಿಷಿನಲ್ಲಿ ಈ ಕಲ್ಲಿಗೆ ಇರುವ ಕೊರಂಡಮ್ ಎಂಬ ಹೆಸರೂ ನಮ್ಮ ದಕ್ಷಿಣದ ಭಾಷೆಯಿಂದಲೇ ಹೋದದ್ದು.

ಯಾವ ಕಲ್ಲು ಎಷ್ಟು ಗಟ್ಟಿ?

ಕಲ್ಲು ಉಜ್ಜುವ ಕೆಲಸದ ಗುಟ್ಟು ಇಷ್ಟೇ: ಗಟ್ಟಿಯಾದದ್ದು ಮೆತ್ತಗಿನದನ್ನು ಗೀರುತ್ತದೆ. ಜರ್ಮನಿಯ ಫ್ರೆಡ್ರಿಕ್ ಮೋಸ್ ಎಂಬವರು 1812ರಲ್ಲಿ ಇದನ್ನೇ ಅಳತೆ ಮಾಡಿ 1ರಿಂದ 10ರವರೆಗೆ ಅಂಕ ಕೊಟ್ಟರು. ಮುಖ್ಯವಾದವುಗಳನ್ನು ನೆನಪಿಟ್ಟುಕೊಂಡರೆ ಸಾಕು.

1 – ಬಳಪದ ಕಲ್ಲಿನಲ್ಲಿರುವ ಟಾಲ್ಕ್. ಉಗುರಿನಿಂದಲೇ ಗೀರಬಹುದು.
3 – ಮಾರ್ಬಲ್. ಕಬ್ಬಿಣದ ಮೊಳೆಯಿಂದ ಗೀರಬಹುದು.
5ರಿಂದ 6 – ಕಿಟಕಿಯ ಗಾಜು, ಚಾಕುವಿನ ಉಕ್ಕು.
6 – ಗ್ರಾನೈಟಿನಲ್ಲಿ ಗುಲಾಬಿ ಅಥವಾ ಬಿಳಿ ಬಣ್ಣದಲ್ಲಿ ಕಾಣುವ ಫೆಲ್ಡ್‌ಸ್ಪಾರ್.
7 – ಬೆಣಚುಕಲ್ಲು. ಅಗೇಟ್, ಸ್ಫಟಿಕ ಎಲ್ಲ ಇದೇ ಜಾತಿ.
9 – ಕುರಂದ, ಮಾಣಿಕ್ಯ, ನೀಲ.
10 – ವಜ್ರ.

ಇದನ್ನು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಮಾರ್ಬಲ್ ಉಜ್ಜಲು ಕೈ ಸಾಕು. ಅಗೇಟ್ ಉಜ್ಜಲು ವಜ್ರದ ಪುಡಿ ಹಚ್ಚಿದ ಚಕ್ರ ಇದ್ದರೆ ಒಳ್ಳೆಯದು. ಬೇಲೂರು, ಹಳೇಬೀಡಿನಲ್ಲಿ ಅಷ್ಟು ಸೂಕ್ಷ್ಮವಾದ ಕೆತ್ತನೆ ಮಾಡಲು ಸಾಧ್ಯವಾದದ್ದಕ್ಕೂ ಇದೇ ಕಾರಣ. ಅಲ್ಲಿ ಬಳಸಿರುವುದು ಮೆತ್ತನೆಯ ಬಳಪದ ಕಲ್ಲು.

ನಮ್ಮ ಸುತ್ತಮುತ್ತಲ ಕಲ್ಲು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಲ್ಲ ನಿಂತಿರುವುದು ಬಹಳ ಪುರಾತನ ಬಂಡೆಯ ಮೇಲೆ. ಲಾಲ್‌ಬಾಗಿನ ಬಂಡೆಯೂ ಇದೇ ಬಗೆಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ಕೆಂಗೇರಿ, ಬಿಡದಿ ದಾಟಿ ರಾಮನಗರದ ಕಡೆಗೆ ಹೋದರೆ ಗುಲಾಬಿ-ಬೂದು ಬಣ್ಣದ ದೊಡ್ಡ ಬೆಟ್ಟಗಳು ಸಿಗುತ್ತವೆ. ಅದು ಕ್ಲೋಸ್‌ಪೇಟ್ ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು.

ಒಂದು ಗ್ರಾನೈಟ್ ಚೂರನ್ನು ಒದ್ದೆ ಮಾಡಿ ಬಿಸಿಲಿನಲ್ಲಿ ನೋಡಿ. ಗಾಜಿನ ಹಾಗೆ ಕಾಣುವುದು ಬೆಣಚು, ಗುಲಾಬಿ ಅಥವಾ ಬಿಳಿ ಫೆಲ್ಡ್‌ಸ್ಪಾರ್, ಕಪ್ಪಗೆ ಮಿನುಗುವುದು ಕಾಗೆಬಂಗಾರದ ಜಾತಿ. ಅಡುಗೆಮನೆಯ ಕಟ್ಟೆಯ ಮೇಲೆ ದಿನಾ ಒರೆಸುವ ಕಲ್ಲನ್ನೇ ಗುರುತಿಸುವುದು ಈ ಹವ್ಯಾಸದ ಮೊದಲ ಪಾಠ. ಅದಕ್ಕೆ ಒಂದು ಪೈಸೆಯೂ ಬೇಡ.

ಆದರೆ ಎಲ್ಲಿ ಬೇಕಾದರಲ್ಲಿ ಕಲ್ಲು ಒಡೆದು ತರಬಾರದು. ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಇಂಥ ಕಡೆ ಒಂದು ಚೂರೂ ಮುಟ್ಟಬೇಡಿ. ಕಲ್ಲಿನ ಅಂಗಡಿಯವರನ್ನು ಕೇಳಿದರೆ ಬಿಸಾಡುವ ಚೂರುಗಳನ್ನು ಕೊಡುತ್ತಾರೆ. ಕೇಳಿಯೇ ತನ್ನಿ.

ಮೊದಲ ಹರಳು: ಯಂತ್ರವಿಲ್ಲದೆ, ಕೈಯಲ್ಲೇ

ಈ ಕಡೆಯ ಹಳೆಯ ಮನೆಗಳಲ್ಲಿ ಮೊಸಾಯಿಕ್ ನೆಲ ಇದ್ದದ್ದು ನಿಮಗೆ ನೆನಪಿರಬಹುದು. ಆ ನೆಲಕ್ಕೆ ಪಾಲಿಶ್ ಹಾಕುವವರು ಏನು ಮಾಡುತ್ತಿದ್ದರು? ನೀರು ಸುರಿಯುತ್ತಾ, ಮೊದಲು ಒರಟು ಕಲ್ಲಿನಿಂದ, ಆಮೇಲೆ ನಯವಾದದ್ದರಿಂದ, ಕೊನೆಗೆ ಇನ್ನೂ ನಯವಾದದ್ದರಿಂದ ಉಜ್ಜುತ್ತಿದ್ದರು. ಹರಳು ಮಾಡುವುದೂ ಅದೇ ಕೆಲಸ, ಅಳತೆ ಮಾತ್ರ ಚಿಕ್ಕದು. ಆ ನೆಲಕ್ಕೆ ಹಾಕುವ ಮಾರ್ಬಲ್ ಚಿಪ್ಸ್‌ನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದೊಂದನ್ನು ಆರಿಸಿಕೊಂಡರೆ ನಿಮ್ಮ ಮೊದಲ ಕಲ್ಲು ಸಿದ್ಧ.

ಬೇಕಾಗುವ ಸಾಮಾನು: ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್. ಗ್ಯಾರೇಜಿನಲ್ಲಿ ಗಾಡಿಗೆ ಬಣ್ಣ ಹಾಕುವ ಮೊದಲು ಉಜ್ಜುವುದು ಇದನ್ನೇ. 100, 220, 400, 600, 1000, 2000 ನಂಬರಿನವು ಒಂದೊಂದು ಹಾಳೆ ಸಾಕು. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಇದರ ಜೊತೆಗೆ ಒಂದು ಹಳೆಯ ಟೈಲ್ಸ್, ಅಗಲವಾದ ತಟ್ಟೆ, ನೀರು, ಪೆನ್ಸಿಲ್ ಉದ್ದದ ಮರದ ಕಡ್ಡಿ, ಸ್ವಲ್ಪ ಅರಗು.

1. ತಳ ಸಮ ಮಾಡುವುದು: ತಟ್ಟೆಯಲ್ಲಿ ಟೈಲ್ಸ್ ಇಟ್ಟು, ಅದರ ಮೇಲೆ 100 ನಂಬರ್ ಪೇಪರ್ ಹಾಕಿ ನೀರು ಹರಿಸಿ. ಕಲ್ಲಿನ ಒಂದು ಬದಿಯನ್ನು ಗಂಧ ತೇಯುವ ಹಾಗೆ ಸುತ್ತಿಸಿ ಉಜ್ಜಿ. ಇಡೀ ತಳ ಚಪ್ಪಟೆಯಾಗುವವರೆಗೆ ಬಿಡಬೇಡಿ. ತಳ ಓರೆಯಾದರೆ ಹರಳು ಕೊನೆಯವರೆಗೂ ಓರೆಯೇ.

2. ಗುರುತು ಹಾಕುವುದು: ತಳದ ಮೇಲೆ ಮೊಟ್ಟೆಯಾಕಾರ ಅಥವಾ ದುಂಡು ಬರೆಯಿರಿ. ಪೆನ್ನಿನ ಶಾಯಿ ನೀರಿಗೆ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ತಂತಿಯ ತುದಿಯನ್ನು ಚೂಪು ಮಾಡಿ ಬರೆದರೆ ಗೆರೆ ಉಳಿಯುತ್ತದೆ.

3. ಅಂಚು ತರುವುದು: ಕಲ್ಲನ್ನು ನೆಟ್ಟಗೆ ಹಿಡಿದು ಗೆರೆಯವರೆಗೆ ಸುತ್ತಲೂ ಉಜ್ಜಿ. ತಳದ ಅಂಚಿನ ಚೂಪನ್ನು ಸ್ವಲ್ಪ ತೆಗೆದುಬಿಡಿ, ಇಲ್ಲದಿದ್ದರೆ ಚಕ್ಕೆ ಏಳುತ್ತದೆ.

4. ಕಡ್ಡಿಗೆ ಅಂಟಿಸುವುದು: ಅರಗನ್ನು ಕರಗಿಸಿ ಕಡ್ಡಿಯ ತುದಿಗೆ ಹಚ್ಚಿ, ಕಲ್ಲನ್ನೂ ಸ್ವಲ್ಪ ಬೆಚ್ಚಗೆ ಮಾಡಿ ತಳವನ್ನು ಅಂಟಿಸಿ. ತಣ್ಣಗಿನ ಕಲ್ಲಿಗೆ ಅರಗು ಹಿಡಿಯುವುದಿಲ್ಲ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೊಡುವುದೂ ಅರಗೇ. ಈಗ ಕಡ್ಡಿ ಹಿಡಿದುಕೊಂಡರೆ ಬೆರಳು ಸವೆಯುವುದಿಲ್ಲ, ಕಲ್ಲನ್ನು ಬೇಕಾದ ಕಡೆಗೆ ತಿರುಗಿಸಬಹುದು.

5. ಗುಮ್ಮಟ ಮಾಡುವುದು: ಒಂದೇ ಸಲಕ್ಕೆ ದುಂಡಗೆ ಮಾಡಲು ಹೋಗಬೇಡಿ. ಮೊದಲು ಅಂಚಿನ ಮೇಲೆ ಸುತ್ತಲೂ ಓರೆಯಾಗಿ ಒಂದು ಪಟ್ಟಿ ಉಜ್ಜಿ. ಅಂಚಿನಲ್ಲಿ ಒಂದು ಮಿಲಿಮೀಟರ್‌ನಷ್ಟು ನೆಟ್ಟಗಿನ ಗೋಡೆ ಉಳಿಯಲಿ, ಉಂಗುರದ ಕಟ್ಟು ಹಿಡಿಯುವುದು ಅದನ್ನೇ. ಆಮೇಲೆ ಅದರ ಮೇಲೆ ಇನ್ನೊಂದು ಪಟ್ಟಿ. ಕೊನೆಗೆ ಕಡ್ಡಿಯನ್ನು ತಿರುಗಿಸುತ್ತಾ ಪಟ್ಟಿಗಳ ನಡುವಿನ ಏಣುಗಳನ್ನು ಸವೆಸಿದರೆ ಗುಮ್ಮಟ ತಾನಾಗಿ ಬರುತ್ತದೆ.

6. ಗೀರು ತೆಗೆಯುವುದು: 220, ಆಮೇಲೆ 400, 600, 1000, 2000. ಪ್ರತಿ ಪೇಪರ್ ಹಿಂದಿನ ಪೇಪರಿನ ಗೀರುಗಳನ್ನು ಪೂರ್ತಿ ಅಳಿಸಬೇಕು. ಕಲ್ಲು ಒದ್ದೆಯಿದ್ದಾಗ ಗೀರು ಕಾಣುವುದಿಲ್ಲ. ಬಟ್ಟೆಯಿಂದ ಒರೆಸಿ, ಒಣಗಿಸಿ, ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿ. ಗೀರು ಉಳಿದಿದ್ದರೆ ಮುಂದೆ ಹೋಗಬೇಡಿ, ಹಿಂದಿನ ನಂಬರಿಗೆ ಬನ್ನಿ. ನಂಬರ್ ಬದಲಿಸುವಾಗ ಕಲ್ಲು, ಕೈ, ತಟ್ಟೆ ಎಲ್ಲ ತೊಳೆಯಿರಿ. ಒರಟು ಪೇಪರಿನ ಒಂದು ಕಣ ಉಳಿದರೂ ಮತ್ತೆ ಗೀರು ಬೀಳುತ್ತದೆ.

7. ಹೊಳಪು: ದಪ್ಪ ಜೀನ್ಸ್ ಬಟ್ಟೆ ಅಥವಾ ಚರ್ಮದ ತುಂಡಿನ ಮೇಲೆ ಸ್ವಲ್ಪ ಜೇನುಮೇಣ ಹಚ್ಚಿ ಉಜ್ಜಿದರೆ ಮಾರ್ಬಲ್ ಮಿನುಗುತ್ತದೆ. ಕಡ್ಡಿಯಿಂದ ಬಿಡಿಸಲು ಫ್ರೀಜರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಅರಗು ತಣ್ಣಗಾಗಿ ಗಡುಸಾಗುತ್ತದೆ, ಹರಳು ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ಮೊದಲನೆಯದು ಸೊಟ್ಟಗೆ ಬರಬಹುದು. ಬರಲಿ. ಐದನೆಯದಕ್ಕೆ ಕೈಗೆ ಹದ ತಿಳಿಯುತ್ತದೆ. ದೋಸೆ ಕಲಿತದ್ದೂ ಹೀಗೇ ಅಲ್ಲವೇ?

ಯಂತ್ರದಲ್ಲಿ ಹೇಗೆ?

ಅಗೇಟ್‌ನಂಥ ಗಟ್ಟಿ ಕಲ್ಲಿಗೆ ಕರೆಂಟಿನಿಂದ ತಿರುಗುವ ಚಕ್ರಗಳು ಬೇಕು. ಕ್ರಮ ಮೇಲೆ ಹೇಳಿದ್ದೇ. ಸುಮಾರು ಐದಾರು ಮಿಲಿಮೀಟರ್ ದಪ್ಪದ ಬಿಲ್ಲೆಯಾಗಿ ಕೊಯ್ದ ಕಲ್ಲನ್ನು ವಜ್ರದ ಪುಡಿ ಹಚ್ಚಿದ ಚಿಕ್ಕ ಗರಗಸದಲ್ಲಿ ಗೆರೆಯ ಹತ್ತಿರದವರೆಗೆ ಕತ್ತರಿಸುತ್ತಾರೆ. ಒರಟು ಚಕ್ರದಿಂದ ನಯವಾದ ಚಕ್ರಕ್ಕೆ ಒಂದೊಂದಾಗಿ ಹೋಗುತ್ತಾರೆ. ಕೊನೆಗೆ ಸೀರಿಯಂ ಆಕ್ಸೈಡ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಚರ್ಮ ಅಥವಾ ಫೆಲ್ಟ್ ಬಟ್ಟೆಯ ಮೇಲೆ ಹೊಳಪು ಕೊಡುತ್ತಾರೆ. ಸರಿಯಾದ ಯಂತ್ರದಲ್ಲಿ ಪ್ರತಿ ಚಕ್ರದ ಮೇಲೂ ನೀರು ಬೀಳುತ್ತಲೇ ಇರುತ್ತದೆ. ನೀರಿನ ವ್ಯವಸ್ಥೆ ಇಲ್ಲದ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡವೇ ಬೇಡ. ಟೈಲ್ಸ್ ಕೊಯ್ಯುವ ಕೈ ಗ್ರೈಂಡರಿನಲ್ಲಿ ಒಣ ಕಲ್ಲು ಕೊಯ್ಯುವುದಂತೂ ಖಂಡಿತ ಕೂಡದು. ಯಾಕೆ ಎಂಬುದನ್ನು ಈಗ ನೋಡೋಣ.

ಕಣ್ಣಿಗೆ ಕಾಣದ ಧೂಳು

ಬೆಣಚುಕಲ್ಲು, ಅಗೇಟ್, ಗ್ರಾನೈಟ್ ಇವುಗಳಲ್ಲಿ ಸಿಲಿಕಾ ಎಂಬ ವಸ್ತು ಇದೆ. ಕಲ್ಲನ್ನು ಒಣಗಿದ್ದಾಗ ಉಜ್ಜಿದರೆ ಅದು ಹುಡಿಯಾಗಿ ಗಾಳಿಯಲ್ಲಿ ಸೇರುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಂತು ಕೆಮ್ಮಿ ಹೊರಗೆ ಬರುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದಷ್ಟು ನುಣ್ಣಗಿನ ಧೂಳಿನಿಂದ. ಅದು ಶ್ವಾಸಕೋಶದ ತುದಿಯವರೆಗೂ ಇಳಿದು ಅಲ್ಲೇ ಉಳಿಯುತ್ತದೆ. ಅದರ ಸುತ್ತ ಗಾಯದ ಕಲೆಯ ಹಾಗೆ ಗಂಟು ಕಟ್ಟುತ್ತದೆ. ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತದೆ. ಈ ರೋಗದ ಹೆಸರು ಸಿಲಿಕೋಸಿಸ್.

ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಅಂದರೆ ಟಿ.ಬಿ. ತಗಲುವ ಸಾಧ್ಯತೆಯೂ ಹೆಚ್ಚು. ಕೆಮ್ಮು, ಏದುಸಿರು, ತೂಕ ಇಳಿಯುವುದು ಎರಡರಲ್ಲೂ ಇರುವುದರಿಂದ ಎಷ್ಟೋ ಜನರಿಗೆ ಟಿ.ಬಿ. ಎಂದೇ ತಿಳಿದು ಔಷಧಿ ಕೊಟ್ಟದ್ದುಂಟು. ಈ ಧೂಳು ಕ್ಯಾನ್ಸರಿಗೂ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ.

ಇದು ಹೆದರಿಸುವ ಮಾತಲ್ಲ. ಗುಜರಾತಿನ ಖಂಬಾತ್ ಎಂಬ ಊರು ಅಗೇಟ್ ಮಣಿಗಳಿಗೆ ಶತಮಾನಗಳಿಂದ ಹೆಸರಾದದ್ದು. ನಾವು ಹವ್ಯಾಸ ಎನ್ನುತ್ತಿರುವ ಕೆಲಸವೇ ಅಲ್ಲಿ ಬಡವರ ಹೊಟ್ಟೆಪಾಡು. ಮನೆಯ ಒಳಗೆ, ಅಂಗಳದಲ್ಲಿ, ಕರೆಂಟಿನ ಚಕ್ರಕ್ಕೆ ಒಣ ಕಲ್ಲನ್ನು ಒತ್ತಿ ಹಿಡಿದು ಉಜ್ಜುತ್ತಿದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿ ಅಧ್ಯಯನ ಮಾಡಿ ಉಜ್ಜುವವರಲ್ಲಿ ಸಿಲಿಕೋಸಿಸ್ ಇರುವುದನ್ನು ಕಂಡರು. ಕಲ್ಲನ್ನೇ ಮುಟ್ಟದೆ ಅದೇ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇದ್ದವರನ್ನೂ ಈ ಧೂಳು ಬಿಡಲಿಲ್ಲ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಕಡ್ಡಿಗಳನ್ನು ಕೊಯ್ಯುತ್ತಿದ್ದ ಕೆಲಸಗಾರರಿಗೂ ಇದೇ ಗತಿಯಾಯಿತು.

ಅಡುಗೆಮನೆ ಕಟ್ಟೆಗೆ ಈಗ ಕೃತಕ ಕ್ವಾರ್ಟ್ಜ್ ಹಲಗೆ ಬಂದಿದೆ. ನೋಡಲು ಚೆಂದ, ಬಣ್ಣವೂ ತರತರ. ಆದರೆ ಇಂಥ ಹಲಗೆಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸಿಲಿಕಾ ಇರುವುದುಂಟು. ಇದನ್ನು ಕೊಯ್ಯುವ ಚಿಕ್ಕ ವಯಸ್ಸಿನ ಕೆಲಸಗಾರರಿಗೆ ಸಿಲಿಕೋಸಿಸ್ ಬಂದದ್ದರಿಂದ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿತು. ಈ ಹಲಗೆಯ ಚೂರುಗಳನ್ನು ಹವ್ಯಾಸಕ್ಕೆ ತರಲೇಬೇಡಿ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

ಒಣ ಕಲ್ಲನ್ನು ಎಂದೂ ಉಜ್ಜಬೇಡಿ, ಮಾರ್ಬಲ್ ಆದರೂ ಸರಿ. ನೀರು ಧೂಳನ್ನು ಹಿಡಿದು ಕೆಸರು ಮಾಡುತ್ತದೆ, ಅದು ಗಾಳಿಗೆ ಏಳುವುದಿಲ್ಲ.

ಆ ಕೆಸರು ಒಣಗಿದರೆ ಮತ್ತೆ ಧೂಳೇ. ಆದ್ದರಿಂದ ಕೆಲಸ ಮುಗಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಹಾಕಬೇಡಿ. ತಟ್ಟೆಯ ನೀರನ್ನು ಸಿಂಕಿಗೆ ಸುರಿದರೆ ಪೈಪ್ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಕೆಳಗಿನ ಕೆಸರನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ.

ಸೆರಗು ಅಥವಾ ಬಟ್ಟೆ ಮಾಸ್ಕ್ ಈ ಧೂಳನ್ನು ತಡೆಯುವುದಿಲ್ಲ. ಯಂತ್ರದಲ್ಲಿ ಕೆಲಸ ಮಾಡುವವರು ನೀರಿನ ಜೊತೆಗೆ ಎನ್-95 ಮಾಸ್ಕನ್ನು ಮುಖಕ್ಕೆ ಸರಿಯಾಗಿ ಕೂರುವಂತೆ ಹಾಕಿಕೊಳ್ಳಬೇಕು. ಮಾಸ್ಕ್ ಇದೆ ಎಂದು ನೀರು ಬಿಡುವ ಹಾಗಿಲ್ಲ.

ಅಡುಗೆಮನೆ, ಮಲಗುವ ಕೋಣೆ ಬೇಡ. ಗಾಳಿಯಾಡುವ ಹಿತ್ತಿಲು, ವರಾಂಡ ಒಳ್ಳೆಯದು. ಚಿಕ್ಕ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬೇಡಿ. ಕೆಲಸಕ್ಕೆ ಬೇರೆ ಏಪ್ರನ್ ಇರಲಿ, ಅದನ್ನು ಬೇರೆಯಾಗಿ ನೆನೆಸಿ ಒಗೆಯಿರಿ.

ಯಂತ್ರದ ಮುಂದೆ ಕೂರುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿ, ಬಳೆ ತೆಗೆದಿಡಿ, ಕತ್ತಿನ ಸರವನ್ನು ರವಿಕೆಯ ಒಳಗೆ ಹಾಕಿ. ಕಣ್ಣಿಗೆ ಕನ್ನಡಕ ಇರಲೇಬೇಕು. ನೀರು ಮತ್ತು ಕರೆಂಟು ಒಂದೇ ಜಾಗದಲ್ಲಿ ಇರುವುದರಿಂದ ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತಿಂಗ್, ಶಾಕ್ ಹೊಡೆದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್ ಇವೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.

ಇಲ್ಲಿ ಇನ್ನೊಂದು ಮಾತು. ನಮ್ಮ ಸಂಘಗಳ ಎಷ್ಟೋ ಸದಸ್ಯೆಯರ ಮನೆಯಲ್ಲಿ ಯಜಮಾನರೋ ಮಗನೋ ಗ್ರಾನೈಟ್ ಕೊಯ್ಯುವ, ಟೈಲ್ಸ್ ಹಾಕುವ, ಕಲ್ಲು ಒಡೆಯುವ ಕೆಲಸದಲ್ಲಿ ಇದ್ದಾರೆ. ನಾವು ಹವ್ಯಾಸಕ್ಕೆ ವಾರಕ್ಕೆರಡು ಗಂಟೆ ಕೂರುವವರು, ಅವರು ದಿನಕ್ಕೆ ಎಂಟು ಹತ್ತು ಗಂಟೆ ಆ ಧೂಳಿನಲ್ಲಿ ಇರುವವರು. ಅವರಿಗೆ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಡಾಕ್ಟರಿಗೆ ಬರೀ "ಕೆಮ್ಮು" ಎಂದು ಹೇಳಬೇಡಿ. "ಇಷ್ಟು ವರ್ಷದಿಂದ ಕಲ್ಲು ಕೊಯ್ಯುವ ಕೆಲಸ" ಎಂದು ಹೇಳಿ. ಎದೆಯ ಎಕ್ಸ್‌ರೇ ಜೊತೆಗೆ ಈ ಒಂದು ಮಾತು ಇದ್ದರೆ ರೋಗ ಗುರುತಿಸಲು ಸುಲಭ. ಇ.ಎಸ್.ಐ. ಕಾರ್ಡು ಇದ್ದವರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದು. ಉಳಿದವರಿಗೆ ಎದೆರೋಗಗಳಿಗೇ ಇರುವ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ ನಗರದಲ್ಲಿ ಇದೆ. ಸಿಲಿಕೋಸಿಸ್ ಕೆಲಸದಿಂದ ಬರುವ ರೋಗ ಎಂದು ನಮ್ಮ ದೇಶದ ಕಾನೂನು ಒಪ್ಪಿದೆ. ಅದು ಹಣೆಬರಹ ಅಲ್ಲ.

ದುಡ್ಡಿನ ಲೆಕ್ಕ

"ಸಿಸ್ಟರ್, ಇದರಿಂದ ಆದಾಯ ಬರುತ್ತಾ?" ಎಂಬ ಪ್ರಶ್ನೆ ಸಹಜ. ಉತ್ತರವನ್ನು ನೇರವಾಗಿಯೇ ಹೇಳುತ್ತೇವೆ: ಇದನ್ನು ನಂಬಿ ಸಾಲ ಮಾಡಬೇಡಿ. ಜೈಪುರದಲ್ಲಿ ತಲೆತಲಾಂತರದಿಂದ ಇದೇ ಕಸುಬಿನಲ್ಲಿ ಇರುವ ಕುಟುಂಬಗಳಿವೆ. ಒಂದೇ ಅಳತೆಯ ಸಾವಿರಾರು ಹರಳುಗಳು ಅಲ್ಲಿಂದ ತೂಕದ ಲೆಕ್ಕದಲ್ಲಿ ಬರುತ್ತವೆ. ಒಂದು ಮಧ್ಯಾಹ್ನವೆಲ್ಲ ಕೂತು ನಾವು ಮಾಡಿದ ಒಂದು ಹರಳು ಆ ಬೆಲೆಯ ಜೊತೆ ಪೈಪೋಟಿ ಮಾಡಲಾರದು. ಒಳ್ಳೆಯ ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ.

ಇಂಥ ಕಡೆ ಮೋಸದವರೂ ಬರುತ್ತಾರೆ. "ಯಂತ್ರ ನಮ್ಮ ಹತ್ರ ತಗೊಳ್ಳಿ, ಕಲ್ಲು ನಾವೇ ಕೊಡ್ತೀವಿ, ಉಜ್ಜಿದ್ದನ್ನ ನಾವೇ ಕೊಂಡುಕೊಳ್ತೀವಿ" ಎನ್ನುವುದು ಅವರ ಮಾತಿನ ಧಾಟಿ. ಊದಿನಕಡ್ಡಿಗೂ ಪೇಪರ್ ತಟ್ಟೆಗೂ ಇದೇ ಮಾತು ಕೇಳಿದ್ದೇವೆ. ಯಂತ್ರ ಮಾರಿದ ಮೇಲೆ "ನಿಮ್ಮ ಮಾಲು ಸರಿಯಿಲ್ಲ" ಎಂದು ವಾಪಸ್ ಕಳಿಸುತ್ತಾರೆ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಯಾರಾದರೂ ಹೀಗೆ ಬಂದರೆ ಸಭೆಯಲ್ಲೇ ಈ ನಾಲ್ಕು ಪ್ರಶ್ನೆ ಕೇಳಿ: ಕೊಂಡುಕೊಳ್ಳುವ ಬೆಲೆ ಬರಹದಲ್ಲಿ ಇದೆಯೇ? ಮಾಲು ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಈಗಾಗಲೇ ಒಂದು ವರ್ಷದಿಂದ ಮಾರುತ್ತಿರುವ ಹೆಂಗಸರ ಮನೆಗೆ ನಮ್ಮನ್ನು ಕರೆದುಕೊಂಡು ಹೋಗುತ್ತೀರಾ? ಯಂತ್ರ ಕೊಳ್ಳದೆ, ಬರೀ ಹರಳು ತಂದುಕೊಟ್ಟರೆ ಕೊಳ್ಳುತ್ತೀರಾ? ಕೊನೆಯ ಪ್ರಶ್ನೆಗೆ "ಇಲ್ಲ" ಎಂದರೆ ಅವರ ವ್ಯಾಪಾರ ಯಂತ್ರದ್ದು, ಹರಳಿನದ್ದಲ್ಲ.

ಸಂಘದ ಆಂತರಿಕ ಸಾಲವನ್ನು ಇದಕ್ಕೆ ಬಳಸಬಾರದು ಎಂಬುದು ನಮ್ಮ ಸಲಹೆ. ಆರು ತಿಂಗಳು ವಾಟರ್ ಪೇಪರಿನಲ್ಲೇ ಕೈ ಪಳಗಿಸಿ. ಆಮೇಲೂ ನಾಲ್ಕೈದು ಮಂದಿಗೆ ಆಸಕ್ತಿ ಉಳಿದಿದ್ದರೆ, ಸ್ವಂತ ಉಳಿತಾಯದಿಂದ ಕೂಡಿ ಒಂದು ಯಂತ್ರದ ಬಗ್ಗೆ ಯೋಚಿಸಬಹುದು.

ಹಾಗಾದರೆ ಇದರಿಂದ ಏನು ಲಾಭ?

ಮನೆಯ ಗಂಡಸರಿಗೆ ಕ್ರಿಕೆಟ್ ಇದೆ, ಮಕ್ಕಳಿಗೆ ಮೊಬೈಲ್ ಇದೆ. ಹೆಂಗಸಿನ ಬಿಡುವಿನ ಹೊತ್ತಿಗೂ ಯಾರೋ ಒಂದು ಕೆಲಸ ಹೊಂದಿಸಿಟ್ಟಿರುತ್ತಾರೆ. ಆದಾಯ ಬಂದರೆ ಮಾತ್ರ ಅವಳ ಕೈಕೆಲಸಕ್ಕೆ ಬೆಲೆ, ಇಲ್ಲದಿದ್ದರೆ ಅದು ಸಮಯ ಹಾಳು ಎನ್ನುವ ಮಾತನ್ನು ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ. ವಾರದಲ್ಲಿ ಎರಡು ಗಂಟೆ ಯಾರಿಗೂ ಲೆಕ್ಕ ಕೊಡದೆ, ತನಗೆ ಇಷ್ಟವಾದದ್ದನ್ನು ಕಲಿಯುವುದು ಹೆಣ್ಣಿಗೂ ಬೇಕು. ಕಲ್ಲಿನ ಕೆಲಸ ಅದಕ್ಕೆ ಒಳ್ಳೆಯದು, ಏಕೆಂದರೆ ಅದರಲ್ಲಿ ಅವಸರ ನಡೆಯುವುದಿಲ್ಲ. 400 ನಂಬರನ್ನು ಬಿಟ್ಟು 600ಕ್ಕೆ ಹಾರಿದರೆ ಗೀರು ಕೊನೆಯಲ್ಲಿ ಕಾಣಿಸಿಯೇ ಕಾಣಿಸುತ್ತದೆ. ಮಗಳಿಗೆ ತಾನೇ ಉಜ್ಜಿದ ಹರಳಿನ ಒಂದು ಪೆಂಡೆಂಟ್ ಕೊಡುವ ತಾಯಿಗೆ ಅದರ ಬೆಲೆ ಎಷ್ಟು ಎಂದು ಯಾರೂ ಹೇಳಬೇಕಾಗಿಲ್ಲ.

ಆದ್ದರಿಂದ ಕಲಿಯಿರಿ. ನೀರಿಲ್ಲದೆ ಕಲ್ಲು ಮುಟ್ಟಬೇಡಿ, ಸಾಲ ಮಾಡಿ ಯಂತ್ರ ತರಬೇಡಿ. ಇವೆರಡನ್ನು ಪಾಲಿಸಿದರೆ ಉಳಿದದ್ದನ್ನು ಕಲ್ಲೇ ಕಲಿಸುತ್ತದೆ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಕಲ್ಲು, ಟೈಲ್ಸ್, ಗ್ರಾನೈಟ್ ಕೆಲಸ ಮಾಡುವವರಿದ್ದಾರೆ? ಅವರು ನೀರು ಬಳಸುತ್ತಾರೆಯೇ? ಎದೆಯ ಎಕ್ಸ್‌ರೇ ಕೊನೆಯ ಸಲ ತೆಗೆಸಿದ್ದು ಯಾವಾಗ?

2. ಯಂತ್ರ ಕೊಂಡರೆ ಮಾಲು ಕೊಳ್ಳುತ್ತೇವೆ ಎಂದು ಹೇಳಿಕೊಂಡು ನಮ್ಮ ಬೀದಿಗೆ ಯಾರಾದರೂ ಬಂದಿದ್ದರೇ? ಏನಾಯಿತು?

3. ಪ್ರತಿ ಸದಸ್ಯೆಗೂ ವಾರದಲ್ಲಿ ಎರಡು ಗಂಟೆ ತನ್ನದೇ ಎಂದು ಸಿಗಬೇಕಾದರೆ ಮನೆಯಲ್ಲಿ ಯಾವ ಕೆಲಸವನ್ನು ಯಾರು ಹಂಚಿಕೊಳ್ಳಬೇಕು?

4. ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಂದೊಂದು ಕಲ್ಲಿನ ಚೂರು ತನ್ನಿ. ಮೊಳೆಯಿಂದ ಗೀರಿ ನೋಡಿ. ಯಾವುದು ಮಾರ್ಬಲ್, ಯಾವುದು ಬೆಣಚು ಎಂದು ನೀವೇ ಗುರುತಿಸಿ.